ಕೆಂಪಾದ ಚರ್ಮವನ್ನು ಉಜ್ಜಬಾರದು

ಕೋವಿಡ್ ಅಲೆಗಳು ಇಳಿದ ಮೇಲಿನ ಎರಡನೇ ಪ್ರವೇಶದ ವರ್ಷ ಅದು. ನಾಗಪುರದ ಒಂದು ನರ್ಸಿಂಗ್ ಕಾಲೇಜಿನಲ್ಲಿ ನಾನು ಉಪಪ್ರಾಂಶುಪಾಲೆಯಾಗಿದ್ದೆ. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಮೂಲತಃ ಗದಗದ ಕಡೆಯವಳಾದ ನಾನು ಗಂಡನ ನೌಕರಿಯ ಬೆನ್ನು ಹತ್ತಿ ಬಂದು ಬಜಾಜ್ ನಗರದಲ್ಲಿ ಮನೆ ಮಾಡಿದವಳು. ಮೊದಲು ವಾರ್ಡಿನಲ್ಲಿ, ಆಮೇಲೆ ತರಗತಿಯಲ್ಲಿ ನನ್ನ ನೌಕರಿಯೆಲ್ಲ ಈ ಊರಿನಲ್ಲೇ ಸವೆಯಿತು. ಕೊನೆಯ ವರ್ಷಗಳಲ್ಲಿ ಪ್ರವೇಶದ ಉಸ್ತುವಾರಿಯೂ ನನ್ನ ಕೊರಳಿಗೇ ಬಿದ್ದಿತ್ತು.

ಬಿ.ಎಸ್ಸಿ. ನರ್ಸಿಂಗ್ ಸೇರುವ ಬಗೆ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಹನ್ನೆರಡನೇ ತರಗತಿಯಲ್ಲಿ ವಿಜ್ಞಾನ ಓದಿರಬೇಕು, ರಾಜ್ಯದ ಪ್ರವೇಶ ಪರೀಕ್ಷೆ ಬರೆಯಬೇಕು. ಅಂಕಗಳ ಮೇಲೆ ಸುತ್ತು ಸುತ್ತಾಗಿ ಸೀಟು ಹಂಚುತ್ತಾರೆ. ಸೀಟು ಸಿಕ್ಕವರು ಗೊತ್ತುಪಡಿಸಿದ ದಿನದೊಳಗೆ ಕಾಲೇಜಿಗೆ ಖುದ್ದಾಗಿ ಬಂದು ಮೂಲ ದಾಖಲೆ ತೋರಿಸಬೇಕು. ಇದಕ್ಕೆ ರಿಪೋರ್ಟಿಂಗ್ ಎನ್ನುತ್ತೇವೆ. ಕೊನೆಯ ದಿನದ ಸಂಜೆಗೆ ಕಂಪ್ಯೂಟರ್ ತಾನಾಗಿ ಬಾಗಿಲು ಹಾಕಿಕೊಳ್ಳುತ್ತದೆ. ಆಮೇಲೆ ಮಂತ್ರಿಯೇ ಫೋನು ಮಾಡಿದರೂ ಅದು ತೆರೆಯುವುದಿಲ್ಲ, ಮತ್ತು ಇದು ನನಗೆ ಬಹಳ ಇಷ್ಟವಾದ ಸಂಗತಿ.

ಆ ವರ್ಷದ ಕೊನೆಯ ದಿನ ಬೆಳಿಗ್ಗೆ ಒಬ್ಬ ತಂದೆ, ಮಗಳು ಬಂದರು. ಮಗಳ ಹೆಸರು ರೇಣುಕಾ. ತಂದೆ ಬಸವರಾಜ ರೈಲ್ವೆಯಲ್ಲಿ ಸಿಗ್ನಲ್ ಕೆಲಸದವರು, ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿ ಕಡೆಯಿಂದ ವರ್ಗವಾಗಿ ಬಂದು ನಾಗಪುರದ ಹತ್ತಿರದ ಕನ್ಹಾನ್‌ನಲ್ಲಿ ಇದ್ದರು. ಹುಡುಗಿ ಗುಮಾಸ್ತರ ಜೊತೆ ಮರಾಠಿಯಲ್ಲಿ ಮಾತಾಡುತ್ತ, ನಡುವೆ ತಂದೆಗೆ ಕನ್ನಡದಲ್ಲಿ ಏನೋ ಹೇಳಿದಳು. ನನ್ನ ಕಿವಿ ನೆಟ್ಟಗಾಯಿತು. ಕನ್ನಡ ಕಿವಿಗೆ ಬಿದ್ದರೆ ಸಾಕು, ಈ ಊರಿನಲ್ಲಿ ನಮ್ಮಂಥವರು ಕೈಕೆಲಸ ಬಿಟ್ಟು ತಿರುಗಿ ನೋಡುತ್ತೇವೆ.

ದಾಖಲೆಗಳಲ್ಲಿ ಒಂದು ಕಡಿಮೆ ಇತ್ತು. ಹುಡುಗಿ ಹುಟ್ಟಿದ್ದು ಕರ್ನಾಟಕದಲ್ಲಿ, ಆದ್ದರಿಂದ ಮಹಾರಾಷ್ಟ್ರದ ವಾಸಸ್ಥಳ ಪ್ರಮಾಣಪತ್ರ ಸಿಗುವುದಿಲ್ಲ. ಆದರೆ ಕೇಂದ್ರ ಸರಕಾರದ ನೌಕರರು ಇಲ್ಲಿಗೆ ವರ್ಗವಾಗಿ ಬಂದಿದ್ದರೆ ಅವರ ಮಕ್ಕಳಿಗೆ ರಿಯಾಯಿತಿ ಉಂಟು. ಅದಕ್ಕೆ ತಂದೆಯ ಕಚೇರಿಯಿಂದ ಒಂದು ಪತ್ರ ಬೇಕು. ಅದೇ ಇರಲಿಲ್ಲ.

"ಸಾಹೇಬ್ರು ಸಹಿ ಮಾಡಿಲ್ರಿ ಇನ್ನಾ. ಹೋಗಿ ತರ್ತೀನ್ರಿ" ಎಂದರು ಬಸವರಾಜ.

"ಸಂಜೆ ಐದರೊಳಗ ತರ್ರಿ. ಆಮ್ಯಾಲೆ ನನ್ನ ಕೈಯಾಗ ಏನೂ ಇಲ್ಲ" ಎಂದೆ.

ಅವರು ಹೋದರು. ಹುಡುಗಿ ಹೊರಗಿನ ಬೆಂಚಿನ ಮೇಲೆ ಕುಳಿತಳು. ಮಧ್ಯಾಹ್ನ ಊಟಕ್ಕೆ ಏಳುವಾಗಲೂ ಅಲ್ಲೇ ಇದ್ದಳು. ಡಬ್ಬಿಯಿಂದ ಒಂದು ಚಪಾತಿ ಕೊಟ್ಟೆ. "ನಹೀ ಮ್ಯಾಡಮ್, ಹಸಿವಿಲ್ರಿ" ಎಂದು, ನಾನು ಕಣ್ಣು ದೊಡ್ಡದು ಮಾಡಿದ ಮೇಲೆ ತಿಂದಳು.

ಮೂರು ಗಂಟೆಯ ಹೊತ್ತಿಗೆ ಬಸವರಾಜ ಹಿತ್ತಲ ಬಾಗಿಲಿನಿಂದ ನನ್ನ ಕೋಣೆಗೆ ಬಂದರು. ಮಗಳ ಕಣ್ಣಿಗೆ ಬೀಳಬಾರದೆಂದು ಹಾಗೆ ಬಂದದ್ದು. ಜೇಬಿನಿಂದ ಪತ್ರ ತೆಗೆದು ತೋರಿಸಿದರು. ಸಹಿ, ಮೊಹರು ಎಲ್ಲ ಸರಿಯಾಗಿತ್ತು. ಅದು ಬೆಳಿಗ್ಗೆಯೂ ಅವರ ಜೇಬಿನಲ್ಲೇ ಇತ್ತಂತೆ.

"ಅಕ್ಕಾರ, ನೀವು ನಮ್ಮ ಕಡೆಯವ್ರು ಅಂತ ಕೇಳ್ತೀನ್ರಿ" ಎಂದು ದನಿ ತಗ್ಗಿಸಿದರು. "ಕಾಗದ ಬರೋಬರ್ ಇಲ್ಲ ಅಂದ್ಬಿಡ್ರಿ. ಸೀಟ್ ಸಿಗಂಗಿಲ್ಲ ಅಂತ ನೀವ ಹೇಳ್ರಿ ಆಕೀಗೆ."

ಸೀಟು ಕೊಡಿಸಿ ಎಂದು ಬಂದವರನ್ನು ನೋಡಿ ನೋಡಿ ನನಗೆ ಸಾಕಾಗಿತ್ತು. ಕೊಡಬೇಡಿ ಎಂದು ಬಂದವರು ಇವರೊಬ್ಬರೇ. ಮೊದಲು ನನಗೆ ಸಿಟ್ಟೇ ಬಂತು. ಹೆಣ್ಣುಮಗಳು ರಾತ್ರಿ ಪಾಳಿ ಮಾಡುವುದು ಬೇಡ, ಗಂಡಸರ ಮೈ ಮುಟ್ಟುವುದು ಬೇಡ ಎನ್ನುವ ಹಳೆಯ ರಾಗ ಇರಬೇಕೆಂದುಕೊಂಡೆ. ಅದಕ್ಕೆ ಕೊಡುವ ಉತ್ತರ ನನ್ನ ನಾಲಗೆಯ ತುದಿಯಲ್ಲೇ ಇರುತ್ತದೆ. ಅವರು ಹೇಳಿದ್ದು ಬೇರೆಯೇ ಆಗಿತ್ತು.

ಅವರ ಹೆಂಡತಿಗೆ ಲಕ್ವ ಹೊಡೆದು ಒಂದು ಮಗ್ಗುಲು ಬಿದ್ದುಹೋಗಿತ್ತು. ಜೊತೆಗೆ ಸಕ್ಕರೆ ಕಾಯಿಲೆ. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ವಾರ್ಡಿನ ಸಿಸ್ಟರು ರೇಣುಕಾಳನ್ನು ಪಕ್ಕಕ್ಕೆ ಕರೆದು ಆರೈಕೆ ಕಲಿಸಿದ್ದರು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸು, ಬೆನ್ನು ಸೊಂಟ ಒರೆಸು, ಎಲ್ಲಿ ಕೆಂಪಾಗಿ ಕಾಣುತ್ತದೋ ಅಲ್ಲಿ ಸ್ಪಿರಿಟ್ ಹಚ್ಚಿ, ಪೌಡರ್ ಹಾಕಿ ಚೆನ್ನಾಗಿ ಉಜ್ಜು, ರಕ್ತ ಓಡಾಡುತ್ತದೆ ಎಂದಿದ್ದರು. ಹುಡುಗಿ ಹನ್ನೆರಡನೇ ತರಗತಿಯ ಪಾಠವನ್ನು ತಾಯಿಯ ಮಂಚದ ಪಕ್ಕದಲ್ಲೇ ಓದುತ್ತ, ಹೇಳಿದ್ದನ್ನು ಒಂದೂ ತಪ್ಪದೆ ಮಾಡಿದಳು. ಸೊಂಟದ ಕೆಳಗೆ ಹುಣ್ಣಾಯಿತು. ಹುಣ್ಣು ಎಲುಬು ಮುಟ್ಟಿತು, ನಂಜು ರಕ್ತಕ್ಕೆ ಏರಿತು, ತಾಯಿ ಹೋದಳು.

ಇದಕ್ಕೆ ಹಾಸಿಗೆ ಹುಣ್ಣು ಎನ್ನುತ್ತಾರೆ. ಒಂದೇ ಕಡೆ ಭಾರ ಬಿದ್ದು ಎಲುಬಿನ ಮೇಲಿನ ಚರ್ಮಕ್ಕೆ ರಕ್ತ ಹೋಗದಿದ್ದಾಗ ಆಗುವುದು. ಕೆಂಪಾಗಿದೆ ಎಂದರೆ ಒಳಗಿನ ಮಾಂಸಕ್ಕೆ ಆಗಲೇ ಪೆಟ್ಟು ಬಿದ್ದಿದೆ ಎಂದು ಅರ್ಥ. ಅಲ್ಲಿ ಉಜ್ಜಿದರೆ ಆ ಮಾಂಸ ಒಳಗೇ ಇನ್ನಷ್ಟು ಹರಿದುಹೋಗುತ್ತದೆ. ಸ್ಪಿರಿಟ್, ಪೌಡರ್‌ನಿಂದ ಬೆನ್ನು ಉಜ್ಜುವುದು ಒಂದು ಕಾಲದಲ್ಲಿ ಎಲ್ಲ ಆಸ್ಪತ್ರೆಗಳಲ್ಲೂ ಪದ್ಧತಿಯಾಗಿತ್ತು. ಪುಸ್ತಕ ಬದಲಾಗಿದೆ. ವಾರ್ಡಿನ ಕೈಗಳು ಎಲ್ಲ ಕಡೆಯೂ ಬದಲಾಗಿಲ್ಲ.

"ಕಡೀಗೆ ನೋಡಿದ ಡಾಕ್ಟರ್ ನನ್ನೊಬ್ಬನ್ನ ಕರ್ದು ಹೇಳಿದ್ರಿ, ಉಜ್ಜಬಾರದಿತ್ತು ಅಂತ" ಎಂದರು ಬಸವರಾಜ. "ಆಕೀಗೆ ಗೊತ್ತಿಲ್ಲ. ನಿಮ್ಮ ಕಾಲೇಜಿನ್ಯಾಗ ಮೊದಲ್ನೇ ವರ್ಷಾನ ಈ ಪಾಠ ಬರ್ತದಂತ. ನಾಲ್ಕ ಮಂದಿ ನಡುವೆ ಕೂತು ತನ್ನ ಕೈಯಿಂದ ಏನಾತು ಅಂತ ಓದ್ಬೇಕೇನ್ರಿ ಆಕಿ? ಬ್ಯಾಡ್ರಿ. ಬಿ.ಕಾಂ. ಮಾಡ್ಲಿ."

ಸರಿಯಿರುವ ಪತ್ರವನ್ನು ಸರಿಯಿಲ್ಲ ಎನ್ನಲು ನನಗೆ ಅಧಿಕಾರವಿಲ್ಲ, ಅದು ಸುಲಭದ ಭಾಗ. ಆದರೆ ಇವರು ಪತ್ರ ಕೊಡದೆ ಹೋದರೆ ಐದು ಗಂಟೆಗೆ ಸೀಟು ತಾನಾಗಿ ಹೋಗುತ್ತಿತ್ತು. ಕೊಟ್ಟರೆ ಆ ಪಾಠ ಆ ಹುಡುಗಿಗಾಗಿ ಕಾದು ಕೂತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಅವರು ನನ್ನ ಬಳಿ ಬಂದಿದ್ದರು. ಅಂಥ ಕೋಲು ನನ್ನಲ್ಲಿರಲಿಲ್ಲ.

"ಸುಳ್ಳು ಹೇಳೂದಿದ್ರ ನೀವ ಹೇಳ್ರಿ. ನಾ ಹೇಳಂಗಿಲ್ಲ" ಎಂದೆ.

"ಆಕಿ ಮುಖಾ ನೋಡಿ ನನಗ ಸುಳ್ಳು ಬರೂದಿಲ್ರಿ."

"ಖರೇನ ಹೇಳ್ರಿ ಹಂಗಾರ."

"ಅದೂ ಬರೂದಿಲ್ರಿ ಅಕ್ಕಾರ" ಎಂದು ಅವರು ಟೇಬಲ್ಲಿನ ಮೇಲೆ ಕೈ ಇಟ್ಟರು. ಆಮೇಲೆ ಬಹಳ ಮೆಲ್ಲಗೆ ಹೇಳಿದರು. "ನಿಮ್ಮ ಕೈಲೆ ಆಗ್ತದೇನು ನೋಡ್ರಿ."

ನಿಜವನ್ನು ನಾನೇ ಹೇಳಲು ಇದು ಅನುಮತಿ ಎಂದು ತಿಳಿದುಕೊಂಡೆ. ತಿಳಿದುಕೊಂಡದ್ದು ಸರಿಯೋ ತಪ್ಪೋ ಎಂದು ಆಮೇಲೂ ಯೋಚಿಸಿದ್ದೇನೆ. ಹುಡುಗಿಯನ್ನು ಒಳಗೆ ಕರೆಸಿದೆ. ತಂದೆ ಅಲ್ಲಿ ಕೂತಿರುವುದನ್ನು ಕಂಡು ಅವಳು ಬಾಗಿಲಲ್ಲೇ ನಿಂತಳು.

ಪ್ರವೇಶಕ್ಕೆ ಬಂದ ಹುಡುಗಿಯರನ್ನೆಲ್ಲ ನಾನು ನರ್ಸಿಂಗ್ ಯಾಕೆ ಎಂದು ಕೇಳುವುದಿತ್ತು. ಅದಕ್ಕೆ ಅಂಕವಿಲ್ಲ, ನನ್ನದೊಂದು ಚಟ. ಸೇವೆ ಮಾಡಬೇಕು ಎಂದು ಹತ್ತರಲ್ಲಿ ಒಂಬತ್ತು ಮಂದಿ ಗಿಣಿಪಾಠ ಒಪ್ಪಿಸುತ್ತಾರೆ. ರೇಣುಕಾಳನ್ನೂ ಅದನ್ನೇ ಕೇಳಿದೆ.

"ನಮ್ಮವ್ವಗ ಹುಣ್ಣು ಯಾಕಾತು ಅಂತ ತಿಳ್ಕೋಬೇಕ್ರಿ ಮ್ಯಾಡಮ್. ಸಿಸ್ಟರ್ ಹೇಳಿದ್ದು ಎಲ್ಲಾ ಬರೋಬರ್ ಮಾಡಿದ್ದೆ. ಮತ್ಲಬ್, ಒಂದೂ ಬಿಟ್ಟಿಲ್ರಿ. ಆದ್ರೂ ಆತು."

ಬಸವರಾಜ ತಲೆ ತಗ್ಗಿಸಿದರು. ಇನ್ನು ತಡಮಾಡುವುದರಲ್ಲಿ ಅರ್ಥವಿರಲಿಲ್ಲ. ಇಬ್ಬರನ್ನೂ ಕೆಳಗಿನ ಪ್ರಾಯೋಗಿಕ ಕೋಣೆಗೆ ಕರೆದುಕೊಂಡು ಹೋದೆ. ಅಲ್ಲಿ ಆಸ್ಪತ್ರೆಯ ಮಂಚಗಳಿವೆ, ಮೇಲೆ ಆಳೆತ್ತರದ ರಬ್ಬರ್ ಗೊಂಬೆಗಳು. ವಿದ್ಯಾರ್ಥಿಗಳು ಮೊದಲು ಕೈ ಪಳಗಿಸುವುದು ಇವುಗಳ ಮೇಲೆ.

"ಅವ್ವನ್ನ ಹೆಂಗ ನೋಡ್ಕೊಂಡಿ, ಮಾಡಿ ತೋರ್ಸು" ಎಂದೆ.

ಅವಳು ಮೊದಲು ಗೊಂಬೆಯ ಮುಖದ ಬಳಿ ಬಗ್ಗಿ "ಅವ್ವಾ, ಹೊಳ್ಳಸ್ತೀನಿ ಹಾಂ" ಎಂದಳು. ಆಮೇಲೆ ಆಚೆ ಬದಿಯ ಮೊಣಕಾಲು ಮಡಿಸಿ, ಒಂದು ಕೈ ಭುಜಕ್ಕೆ, ಇನ್ನೊಂದು ಕೈ ಸೊಂಟಕ್ಕೆ ಕೊಟ್ಟು, ಎಳೆಯದೆ, ಜರುಗಿಸದೆ ಮಗ್ಗುಲು ಮಾಡಿದಳು. ಬೆನ್ನಿಗೆ ದಿಂಬು, ಎರಡು ಮೊಣಕಾಲುಗಳ ನಡುವೆ ಮಡಚಿದ ಚಾದರ. ಮೂರನೇ ವರ್ಷದವರಿಗೂ ನಾನು ಬೈದು ಬೈದು ಕಲಿಸಬೇಕಾದ ಕೆಲಸ ಅದು. ಆಮೇಲೆ ಅವಳ ಅಂಗೈ ಸೊಂಟದ ಕೆಳಗಿನ ಎಲುಬಿನ ಮೇಲೆ ಬಂತು, ಸುತ್ತ ಸುತ್ತ ಉಜ್ಜತೊಡಗಿತು.

ನಾನು ಅವಳ ಕೈಯನ್ನು ಹಿಡಿದೆ. "ಇಲ್ಲೆ ಕೆಂಪಾಗಿದ್ರ ಉಜ್ಜಬಾರದವ್ವಾ. ಭಾರ ತೆಗೀಬೇಕು, ಅಷ್ಟ. ಉಜ್ಜಿದ್ರ ಒಳಗ ಹೆಚ್ಚಾಗ್ತದ."

ಅವಳಿಗೆ ತಟ್ಟನೆ ತಿಳಿಯಲಿಲ್ಲ. ನನ್ನ ಮುಖ ನೋಡಿದಳು, ತಂದೆಯ ಮುಖ ನೋಡಿದಳು. ಆಗ ತಿಳಿಯಿತು. ಕೈಯನ್ನು ನನ್ನಿಂದ ಬಿಡಿಸಿಕೊಂಡಳು.

"ಹಂಗಾರ ನಾ ಉಜ್ಜಿದ್ದಕ್ಕ ಅವ್ವ ಹೋದ್ಲೇನ್ರಿ?"

ಇಲ್ಲ ಎನ್ನಬೇಕು ಅನ್ನಿಸಿತು. ಆ ಮುಖದ ಎದುರು ನಿಂತವರು ಯಾರಾದರೂ ಹಾಗೇ ಅನ್ನುತ್ತಿದ್ದರು. ಆದರೆ ಇನ್ನು ಕೆಲವು ತಿಂಗಳಿಗೆ ಪುಸ್ತಕ ಅವಳ ಕೈಗೆ ಬರಲಿತ್ತು, ಆಗ ನಾನು ಸುಳ್ಳುಗಾತಿಯಾಗುತ್ತಿದ್ದೆ, ಅವಳು ಮತ್ತೆ ಒಬ್ಬಂಟಿಯಾಗುತ್ತಿದ್ದಳು.

"ಉಜ್ಜಿದ್ದರಿಂದ ಹುಣ್ಣು ಹೆಚ್ಚಾಗಿರಬಹುದು" ಎಂದೆ. "ಇಲ್ಲ ಅಂತ ನಾ ಹೇಳಂಗಿಲ್ಲ. ಲಕ್ವ ಇತ್ತು, ಸಕ್ಕರೆ ಇತ್ತು. ನಮ್ಮ ಕೈಯಾಗ, ಆಸ್ಪತ್ರ್ಯಾಗ ಇದ್ದವ್ರಿಗೂ ಹುಣ್ಣು ಆಗ್ತಾವು. ಎಷ್ಟು ಯಾವುದರಿಂದ ಅಂತ ಯಾರಿಗೂ ಹೇಳಾಕ ಬರೂದಿಲ್ಲ. ಆದ್ರ ನಿನಗ ತಪ್ಪು ಕಲಿಸಿದ್ದು ನಾವು. ನೀ ಕಲಿಸಿದ್ದನ್ನ ಮಾಡಿದಿ."

ಅವಳು ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತಳು. ಅಳಲಿಲ್ಲ. ಅತ್ತಿದ್ದರೆ ನನಗೆ ಹಗುರವಾಗುತ್ತಿತ್ತು. ನಾನು ಇನ್ನೊಂದು ಸ್ಟೂಲು ಎಳೆದು ಪಕ್ಕದಲ್ಲೇ ಕುಳಿತೆ. ಮೇಲಿನಿಂದ ಗುಮಾಸ್ತರು ಎರಡು ಸಲ ಕರೆ ಕಳಿಸಿದರು, ಹೋಗಲಿಲ್ಲ. ಬಸವರಾಜ ಗೋಡೆಗೆ ಮುಖ ಮಾಡಿ ನಿಂತಿದ್ದರು.

"ನಿಮಗ ಗೊತ್ತಿತ್ತೇನು ಅಪ್ಪಾ?" ಎಂದಳು ಕೊನೆಗೆ.

"ಡಾಕ್ಟರ್ ಹೇಳಿದ್ರವ್ವಾ."

"ಇಷ್ಟು ದಿನಾ ಒಬ್ರ ಇಟ್ಕೊಂಡಿದ್ರಿ?"

ಅವರು ಜೇಬಿನಿಂದ ಪತ್ರ ತೆಗೆದು ಮಗಳ ಮಡಿಲಲ್ಲಿಟ್ಟರು. ನಾನು ಅವಳಿಗೆ ಹೇಳಿದೆ, ಇದು ಇವತ್ತೇ ಆಗಬೇಕೆಂದಿಲ್ಲ, ಬೇಡವೆನ್ನಿಸಿದರೆ ಮನೆಗೆ ಹೋಗು, ಮುಂದಿನ ವರ್ಷವೂ ಪರೀಕ್ಷೆ ಇರುತ್ತದೆ, ಬೇರೆ ಓದೂ ಇರುತ್ತದೆ. ಅವಳು ಪತ್ರವನ್ನು ನೋಡುತ್ತಿದ್ದಳು, ಓದುತ್ತಿರಲಿಲ್ಲ.

"ಮ್ಯಾಡಮ್, ಆ ಸಿಸ್ಟರ್‌ಗೆ ಯಾರರೆ ಹೇಳ್ಯಾರೇನ್ರಿ?"

"ಯಾವ ಸಿಸ್ಟರ್?"

"ನನಗ ಕಲಿಸಿದ್ರಲ್ರಿ, ಅವ್ರು. ಭಾಳ ಚಲೋ ಇದ್ರು. ಇನ್ನೂ ಹಂಗ ಕಲಿಸ್ತಿರಬೇಕಲ್ರಿ."

ಇಷ್ಟು ಹೊತ್ತು ನಾನು ಈ ಹುಡುಗಿಯ ದುಃಖದ ಲೆಕ್ಕ ಹಾಕುತ್ತಿದ್ದೆ, ಅವಳ ತಂದೆ ಅದನ್ನೇ ಮುಚ್ಚಿಟ್ಟುಕೊಂಡು ಕೊರಗುತ್ತಿದ್ದರು. ಆ ವಾರ್ಡಿನ ಮಂಚದ ಮೇಲೆ ಇವತ್ತು ಮಲಗಿರುವ ಇನ್ನೊಬ್ಬರ ತಾಯಿಯ ನೆನಪು ನಮ್ಮಿಬ್ಬರಿಗೂ ಆಗಿರಲಿಲ್ಲ. ಸಿಸ್ಟರಿಗೆ ಹೇಳುತ್ತೇನೆ ಎಂದೆ. ಅವಳು ಎದ್ದು, ಪತ್ರ ಹಿಡಿದುಕೊಂಡು ಮೇಲೆ ಹೋದಳು. ಐದರೊಳಗೆ ಅವಳ ಪ್ರವೇಶವಾಯಿತು.

ಬಸವರಾಜ ಹೊರಡುವಾಗ ನನ್ನ ಮುಖ ನೋಡಲಿಲ್ಲ. "ನಾ ಕೇಳಿದ್ದ ಒಂದು, ನೀವು ಮಾಡಿದ್ದ ಒಂದು ಅಕ್ಕಾರ" ಎಂದರು. ಅದರಲ್ಲಿ ಸಿಟ್ಟಿತ್ತೋ, ಬರೀ ದಣಿವಿತ್ತೋ, ನಾನು ಕೇಳಲಿಲ್ಲ. ಆಮೇಲೆ ಕನ್ನಡದವರ ಯುಗಾದಿ ಕೂಟದಲ್ಲಿ ಎದುರಾದಾಗಲೂ ನಮಸ್ಕಾರಕ್ಕಿಂತ ಹೆಚ್ಚು ಮಾತು ನಮ್ಮ ನಡುವೆ ಬೆಳೆಯಲಿಲ್ಲ.

ರೇಣುಕಾಳಿಂದ ವಿಳಾಸ ಕೇಳಿಕೊಂಡು ಮುಂದಿನ ವಾರ ನಾನು ಆ ಆಸ್ಪತ್ರೆಗೆ ಹೋದೆ. ವಾರ್ಡಿನ ಸಿಸ್ಟರು ನನಗಿಂತ ಸ್ವಲ್ಪ ಕಿರಿಯರು, ರೋಗಿಗಳು ಹೆಸರು ಹಿಡಿದು ಕರೆಯುವಂಥವರು. ಪಕ್ಕದ ಕೋಣೆಯಲ್ಲಿ ಕುಳಿತು, ತಪ್ಪು ಹುಡುಕಲು ಬಂದವಳ ಹಾಗೆ ಅಲ್ಲ, ವಿಷಯವನ್ನಷ್ಟೇ ಹೇಳಿದೆ. ವಾದ ಮಾಡುತ್ತಾರೆ ಅಂದುಕೊಂಡಿದ್ದೆ. ನಮಗೆ ಹೀಗೇ ಕಲಿಸಿದ್ದು ಎಂದರೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಅವರು ಪೂರ್ತಿ ಕೇಳಿಸಿಕೊಂಡರು. ರೋಗಿ ಯಾರು, ದೂರು ಕೊಟ್ಟವರು ಯಾರು ಎಂದು ಕೂಡ ಕೇಳಲಿಲ್ಲ. ಕೊನೆಗೆ ಮರಾಠಿಯಲ್ಲಿ ತಮ್ಮಷ್ಟಕ್ಕೇ ಅಂದರು.

"ಕಿತಿ ಜಣಾಂನಾ ಸಾಂಗಿತಲಂ ಅಸೇಲ್ ಮೀ."

ಎಷ್ಟು ಜನಕ್ಕೆ ಹೇಳಿದ್ದೇನೋ ನಾನು, ಎಂದು ಅರ್ಥ. ನಾನು ಕುರ್ಚಿ ಎಳೆದುಕೊಂಡು ಅವರ ಪಕ್ಕದಲ್ಲೂ ಕುಳಿತುಕೊಂಡೆ.

ರೋಗಿಯನ್ನು ಮನೆಗೆ ಕಳಿಸಿದರೆ ನಮ್ಮ ಕೆಲಸ ಮುಗಿಯಿತು ಎಂದು ನಾವು ಅಂದುಕೊಳ್ಳುತ್ತೇವೆ. ನಾವು ಬಾಗಿಲಲ್ಲಿ ನಿಂತು ಅವಸರದಲ್ಲಿ ಹೇಳಿದ ಎರಡು ಮಾತು ಅವರ ಜೊತೆ ಮನೆಗೆ ಹೋಗಿರುತ್ತದೆ, ಅದನ್ನು ಯಾರೋ ಒಬ್ಬ ಮಗಳು ದೇವರ ಮಾತೆಂದು ನಡೆಸುತ್ತಿರುತ್ತಾಳೆ. ಆ ಮಾತು ತಪ್ಪಾಗಿದ್ದರೆ ಅದರ ಹಿಂದೆ ಹೋಗಿ ತಿದ್ದಬೇಕಾದವರು ನಾವು. ಇಷ್ಟು ವರ್ಷ ಕಲಿಸಿದ ನನಗೆ ಇದನ್ನು ಕಲಿಸಿದ್ದು ಆಗಿನ್ನೂ ಪ್ರವೇಶವೇ ಆಗಿರದ ಒಬ್ಬ ಹುಡುಗಿ, ಅದೂ ತನ್ನ ಜೀವನದ ಅತ್ಯಂತ ಕೆಟ್ಟ ಮಧ್ಯಾಹ್ನದಲ್ಲಿ.