ಪರದೆಯ ಮೇಲಿನ ನಾಗೇಶಿ

ವಿಡಿಯೋ ಕಾಲ್‌ನಲ್ಲಿ ಆಚೆಯವರು ಉತ್ತರ ಕೊಡುವ ಮುನ್ನ ಒಂದು ಗಳಿಗೆ ಕಲ್ಲಿನ ಮೂರ್ತಿಯಂತೆ ಕೂತುಬಿಡುತ್ತಾರಲ್ಲ, ಆ ಅಲ್ಪವಿರಾಮದಲ್ಲಿ ಈಚೆಯವನ ಅಹಂಕಾರ ಎಷ್ಟು ಎತ್ತರಕ್ಕೆ ಬೆಳೆಯಬಲ್ಲದೆಂಬುದನ್ನು ನಾನು ಸ್ವಾನುಭವದಿಂದ ಹೇಳಬಲ್ಲೆ.

ಏಳನೆಯ ಇಯತ್ತೆಗೇ ಶಾಲೆಗೆ ಶರಣು ಹೊಡೆದವನು ನಾನು. ಕಬ್ಬು ಬೆಳೆಯುವುದನ್ನೂ ಹರದೇಶಿ ಹಾಡುವುದನ್ನೂ ಬೆವರು ಸುರಿಸಿಯೇ ಕಲಿತೆ; ಎರಡರಲ್ಲೂ ನಮ್ಮ ಶಿರಗುಪ್ಪಿಯಲ್ಲಿ ನನ್ನನ್ನು ಮೀರಿಸುವವರಿಲ್ಲವೆಂಬುದು ನನ್ನ ವಿನಮ್ರ ಅಭಿಪ್ರಾಯ. ಹರದೇಶಿಯೆಂದರೆ ಗಂಡೇ ಹೆಚ್ಚೆಂದು ವಾದಿಸುವ ಪಕ್ಷ. ಹೆಣ್ಣೇ ಹೆಚ್ಚೆನ್ನುವ ನಾಗೇಶಿಯವರು ಎದುರು ನಿಂತು ಹಾಡಿನಲ್ಲೇ ಜವಾಬು ಕೊಡಬೇಕು. ನನ್ನ ಎದುರಾಳಿ ಭೋಜದ ಗಂಗವ್ವ. ಈ ವರ್ಷ ಜಾತ್ರೆಯ ಹಾಡಿಕೆ ಹತ್ತಿರ ಬಂದಾಗ ಆಕೆಗೆ ಮೊಣಕಾಲಿನ ಆಪರೇಶನ್ ಆಗಿ ಪ್ರಯಾಣ ನಿಷಿದ್ಧವಾಯಿತು. "ಬ್ಯಾರೆ ಮೇಳ ಕರಸೂಣು. ಗಂಗವ್ವನ ಹಾಡು ಮುಗೀತು" ಅಂದುಬಿಟ್ಟರು ನಮ್ಮೂರಿನ ಹಾಡಿಕೆ ನಡೆಸುವ ಬಾಬುಗೌಡರು.

ಮಾತು ಆಕೆಗೂ ಮುಟ್ಟಿತ್ತು. ಫೋನಿನಲ್ಲಿ "ಖರೇನ ಮುಗೀತೇನೋ ತಮ್ಮಾ?" ಎಂದು ಕೇಳಿದಳು. ಸರಿಯಾದ ಎದುರಾಳಿಯಿಲ್ಲದ ಗೆಲುವು ರಸ ಹಿಂಡಿದ ಕಬ್ಬಿನ ಸಿಪ್ಪೆಯಲ್ಲದೆ ಮತ್ತೇನು? "ಅಕ್ಕಾ, ನೀ ಮನಿಯಾಗ ಕುಂತ ಹಾಡು. ಸೋಲಸೂದು ನಂಗ ಬಿಡು" ಎಂದೆ.

ಗುಡಿಯ ಮುಂದೆ ಬಿಳಿ ಪರದೆ ಕಟ್ಟಿದೆವು. ತಾಲೀಮಿನಲ್ಲಿ ಎರಡೂ ಮೇಳ ಕೂಡಿ ಮಂಗಳಾರತಿ ಹಾಡಿದಾಗ ಅವರ ತಾಳ ನಮ್ಮ ತಾಳದ ಬೆನ್ನಟ್ಟಿ ಓಡಿ, ಮಂಗಳವು ಜಗಳದಂತೆ ಕೇಳಿಸಿತು. ಸವಾಲು ಜವಾಬಿಗೆ ಆ ತೊಡಕಿಲ್ಲ. ಒಬ್ಬರು ಮುಗಿಸಿದ ಮೇಲೆ ತಾನೇ ಇನ್ನೊಬ್ಬರು!

ಜಾತ್ರೆಯ ದಿನ ಗುಡಿಯ ಅಂಗಳ ತುಂಬಿ, ರಾಯಬಾಗ-ಅಥಣಿಯ ನೆಂಟರೆಲ್ಲ ಫೋನಿನಲ್ಲಿ ಕಣ್ಣಿಟ್ಟಿದ್ದರು. ಬೀಜ ಗಂಡಿನದು, ಆ ಬೀಜವಿಲ್ಲದೆ ಹುಟ್ಟುವ ಬೆಳೆ ಯಾವುದೆಂದು ಎತ್ತರದ ದನಿಯಲ್ಲಿ ಸವಾಲೆಸೆದೆ. ಗಂಗವ್ವ ರೆಪ್ಪೆ ಅಲುಗಿಸಲಿಲ್ಲ. "ಸೋತಳಲೇ!" ಎಂದು ಯಾರೋ ಕೂಗಿದರು. ನನ್ನ ಕೈ ಆಗಲೇ ಮೀಸೆಗೆ ಹೋಗಿತ್ತು.

ಆಗ ಬಂತು ಜವಾಬು:

"ಕಡದ ಕಬ್ಬಿನ ಬುಡದಾಗ ಕುಳೆ ಚಿಗತೈತಿ,
ಬಿತ್ತಿದಾಂವ ಎಲ್ಲಿದ್ದಾನೋ ಹರದೇಶಿ?"

ಕಬ್ಬಿನೂರಿನಲ್ಲಿ ಕಬ್ಬಿನಿಂದಲೇ ಪೆಟ್ಟು! ಹೆಂಗಸರು ಎದ್ದು ನಿಂತು ಕುಣಿದರು. ಅವರ ಪೈಕಿ ಮೊದಲು ಎದ್ದವಳು ನನ್ನ ಹೆಂಡತಿ. "ನಿಮ್ಮ ಹೊಲದಾಗಿನ ಕಬ್ಬಿನ ಗಳಾ ಮುರದ ನಿಮಗ ಹೊಡದಾಳಲ್ರಿ!" ಮೀಸೆಯಿಂದ ಕೈ ಇಳಿಸಿ ನಾನೂ ಚಪ್ಪಾಳೆ ತಟ್ಟಿದೆ. ಸೋಲಿನಲ್ಲಿ ಇಷ್ಟು ಸುಖವಿರುತ್ತದೆಂದು ಯಾವ ಇಯತ್ತೆಯಲ್ಲಿ ಕಲಿಸುತ್ತಾರೋ ಕಾಣೆ.

ಆದರೆ ಇಬ್ಬರೂ ಕೂಡಿ ಮಂಗಳ ಹಾಡದೆ ಪಂದ್ಯ ಪೂರ್ಣವಾಗುವುದಿಲ್ಲ. ಅದು ಪರದೆಗೆ ಒಗ್ಗದ ಕೆಲಸ. ಭೋಜಕ್ಕೆ ಹೋಗಲು ಟೆಂಪೊ ತರಿಸಿದೆವು. ಮೊದಲು ಹತ್ತಿ ಕೂತವರು ಬಾಬುಗೌಡರು. ಉಳಿದವರು ಪರದೆಯ ಮುಂದೆಯೇ ಕಾದರು.

ಭೋಜದಲ್ಲಿ ಗಂಗವ್ವ ವಾಕರ್ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. "ಸೋತಾಂವ ಇಷ್ಟ ದೂರ ಬಂದ್ಯೇನೋ?" ಎಂದು ನಕ್ಕಳು. ಒಂದೇ ತಾಳಕ್ಕೆ ಮಂಗಳ ಹಾಡಿ ಫೋನಿನತ್ತ ತಿರುಗಿದರೆ, ಶಿರಗುಪ್ಪಿಯ ಜನ ಕಲ್ಲಿನ ಮೂರ್ತಿಗಳು! ಈ ಸಲ ಆ ಗಳಿಗೆಯಲ್ಲಿ ನಾನು ಗಂಗವ್ವನ ಬದಿಯಲ್ಲಿದ್ದೆ. ಬೆಳೆದದ್ದು ಅಹಂಕಾರವಲ್ಲ, ಎದೆಬಡಿತ. ಗಂಗವ್ವ ನನ್ನ ತೋಳು ಹಿಡಿದು "ತಡಿ, ಬರತೈತಿ" ಎಂದಳು.

ಬಂತು. ಅಂಗಳಕ್ಕೆ ಅಂಗಳವೇ ಚಪ್ಪಾಳೆಯಾಗಿ ಬಂತು. ಅದು ನಿಲ್ಲುವ ಮೊದಲೇ ಬಾಬುಗೌಡರು ಆಕೆಯ ಮುಂದೆ ವೀಳ್ಯದೆಲೆ, ಅಡಿಕೆ ಇಟ್ಟು, ಮುಂದಿನ ವರ್ಷದ ಹಾಡಿಕೆಗೆ ಕರೆದರು.