ರಸ್ತೆಯ ಈಚೆ

ನಾನು ಮೂವತ್ತು ವರ್ಷ ಕನ್ನಡ ಕಲಿಸಿದ ಮೇಷ್ಟ್ರು. ಕಾಗುಣಿತ ತಪ್ಪಿದ ಹುಡುಗರ ಕಿವಿ ಹಿಂಡಿದವನು. ಅಂಥ ನಾನೇ ಒಂದು ಪದ ಬರೆದು ಕೇರಿಯವರ ಬದುಕು ಕೆಡಿಸಿದೆ. ಥೂ, ನನ್ನ ವಿದ್ಯೆಗಿಷ್ಟು ಬೆಂಕಿ ಹಾಕ.

ಕೊಟ್ಟೂರಿನಿಂದ ಉಜ್ಜಿನಿಗೆ ಹೋಗುವ ರಸ್ತೆ ನಮ್ಮೂರಿನ ಅಂಚಿಗೇ ಇದೆ. ಊರ ದೊಡ್ಡ ಮನೆಗಳಲ್ಲಿ ಸೆಗಣಿ ಬಾಚುವುದು, ಸತ್ತ ದನ ಎಳೆಯುವುದು ತಲೆತಲಾಂತರದಿಂದ ಕೇರಿಯವರ ಬಿಟ್ಟಿ ಚಾಕರಿ. ಕೂಲಿ ಇಲ್ಲ, ಹಿಂದಿನ ದಿನದ ರೊಟ್ಟಿ ಅಷ್ಟೇ. ನಮ್ಮ ಮನೆಗೂ ಒಬ್ಬಾಕೆ ಬರುತ್ತಿದ್ದಳು. ಇದು ಅನ್ಯಾಯವೆಂದು ನಾನು ಶಾಲೆಯಲ್ಲಿ ಹೇಳುತ್ತಿದ್ದೆ, ಮನೆಯಲ್ಲಿ ಹೇಳುತ್ತಿರಲಿಲ್ಲ.

ರಸ್ತೆಯಾಚೆ ಸರ್ಕಾರ ಪ್ಲಾಟು ಹಂಚಿದಾಗ ಅವಳಿಗೂ ಒಂದು ಮನೆಯಾಯಿತು.

"ಇನ್ನ ನಾ ಬರಂಗಿಲ್ರಿ ಸರ. ಮಗಳು ಹತ್ತನೇ ಕ್ಲಾಸಿನ್ಯಾಗ ಅದಾಳ. ಆಕಿ ಕೈಗೆ ಈ ಸೆಗಣಿ ಪುಟ್ಟಿ ಬರಬಾರದು" ಎಂದಳು.

ಗೌಡರು ಕೆರಳಿದರು. "ಚಾಕರಿ ಮಂದಿಗೆ ಹತ್ತಿದ್ದು, ಮನಿಗಲ್ಲ. ಪ್ಲಾಟಿಗೆ ಹೋದ್ರ ಬಿಡ್ತೈತೇನು?" ಎಂದು ಕೇರಿಯವರಿಗೆ ತಮ್ಮ ಹಿಟ್ಟಿನ ಗಿರಣಿ ಬಂದ್ ಮಾಡಿದರು. ನಾನು ತಹಶೀಲ್ದಾರರಿಗೆ ಅರ್ಜಿ ಬರೆಯಬೇಕಿತ್ತು. ರಾಜಿ ಪತ್ರ ಬರೆದೆ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾಣತನ ನನ್ನದು. ಗುಡಿಕಟ್ಟೆಯ ಮೇಲೆ ಕೂತು ಬರೆದೆ: 'ರಸ್ತೆಯ ಈಚೆ ಇರುವವರು ಹಿಂದಿನಂತೆ ಚಾಕರಿ ಮಾಡತಕ್ಕದ್ದು. ಆಚೆ ಇರುವವರಿಗೆ ಬಿಡುಗಡೆ.'

ಹಳೇ ಕೇರಿಯಲ್ಲೇ ಉಳಿದ ಮುದುಕನೊಬ್ಬ, "ಹಂಗಾರ ನಮ್ದು?" ಎಂದ. "ಮುಂದ ನೋಡೋಣು" ಎಂದೆ. ಅವಳು ಕಟ್ಟೆಯ ಕೆಳಗೆ ನಿಂತೇ ಹೆಬ್ಬೆಟ್ಟು ಒತ್ತಿದಳು. ನನಗೆ ಅಂದು ಹಾರ ಹಾಕಿದರು, ನಾನು ಹಾಕಿಸಿಕೊಂಡೆ.

ತಿಂಗಳೊಳಗೆ ಗೌಡರು ಆ ಕಾಗದದ ಜೆರಾಕ್ಸ್ ಹಿಡಿದು ಪ್ಲಾಟಿಗೆ ಹೋದರು. ಅವಳ ಹೊಸ್ತಿಲ ಮುಂದೆ ನಿಂತು ಓದಿದರು. "ರಸ್ತಿ ಅಲ್ಲೈತಿ, ನಾವು ಇಲ್ಲಿ ಅದೀವಿ. ಹಂಗಂದ್ರ ಈಚೆ ಅಂದ್ರ ಇದ ಅಲ್ಲೇನು? ನಿಮ್ಮ ಮೇಷ್ಟ್ರ ಬರದಾರ ನೋಡು." ಕೇರಿಯಲ್ಲಿ ನಿಂತು ಓದಿದರೆ ಕೇರಿ ಈಚೆ, ಪ್ಲಾಟಿನಲ್ಲಿ ನಿಂತು ಓದಿದರೆ ಪ್ಲಾಟು ಈಚೆ. ಆಚೆ ಎಂಬುದು ಎಲ್ಲೂ ಉಳಿಯಲಿಲ್ಲ.

ಅವಳು ನನ್ನ ಹತ್ತಿರ ಬಂದಳು. "ನೀವ ಹೇಳ್ರಿ ಸರ, ಈಚೆ ಅಂದ್ರ ಯಾವ ಕಡಿ?"

ಗೌಡರ ಮುಂದೆ ಹೋಗಿ ಹೇಳುವ ಧೈರ್ಯ ನನಗಿರಲಿಲ್ಲ. "ಇನ್ನೊಮ್ಮೆ ಕೂತು ರಾಜಿ ಮಾಡೋಣು ತಗೋ" ಎಂದೆ. ಮರುದಿನ ಬೆಳಿಗ್ಗೆ ಅವಳು ಮತ್ತೆ ನಮ್ಮ ಕೊಟ್ಟಿಗೆಗೆ ಬಂದು ಪುಟ್ಟಿ ಎತ್ತಿಕೊಂಡಳು.

ಈಗ ಅವಳಿಗೆ ಸೊಂಟ ಹಿಡಿದಿದೆ. ನಿನ್ನೆ ಬೆಳಿಗ್ಗೆ ನಮ್ಮ ದನದ ಕೊಟ್ಟಿಗೆಯಲ್ಲಿ ಮಗಳು ನಿಂತಿದ್ದಳು. ನನ್ನ ತರಗತಿಯಲ್ಲಿ ಅವಳದೇ ಅಕ್ಷರ ದುಂಡಗಿತ್ತು. ಶಾಲೆ ಬಿಟ್ಟಿದ್ದಾಳೆ. ಸೆಗಣಿ ತುಂಬಿದ ಪುಟ್ಟಿ ಸೊಂಟಕ್ಕೆ ಇಟ್ಟುಕೊಂಡು ಕೇಳಿದಳು.

"ಇದನ್ನ ಎಲ್ಲಿಡ್ಲಿ ಸರ?"

ಬಾಯಿಗೆ ಬಂದದ್ದನ್ನೇ ಹೇಳಿದೆ.

"ಈಚೆ ಇಡವ್ವ."