ಟಿ.ಸಿ. ಕೊಡಲು ಒಲ್ಲದ ಗುಮಾಸ್ತರು

ಬೀದರಿನ ನಮ್ಮ ಕಾಲೇಜಿನ ಫೀ ಕೌಂಟರಿನ ಗುಮಾಸ್ತರು, ಯಾರಾದರೂ ಓದು ಬಿಡುತ್ತೇನೆಂದು ಬಂದರೆ ಮೊದಲು ಪೆನ್ನಿಗೆ ಮುಚ್ಚಳ ಹಾಕುತ್ತಿದ್ದರು. "ಟಿ.ಸಿ. ಎಲ್ಲೂ ಓಡಿ ಹೋಗಂಗಿಲ್ರಿ" ಎನ್ನುತ್ತಿದ್ದರು.

ಅವ್ವನ ಕಾಲು ಮುರಿದ ವರ್ಷ ಕುರಿ ನೋಡಿಕೊಳ್ಳಲು ನಾನು ಮನೆಯಲ್ಲಿ ಇರಬೇಕಾಯಿತು. ಟಿ.ಸಿ. ತೆಗೆಸಿದರೆ ಕಟ್ಟಿದ ಫೀ ವಾಪಸು ಬರುತ್ತದೆಂದು ನಮ್ಮೂರು ಎಕಂಬಾದಲ್ಲಿ ಎಲ್ಲರೂ ನಂಬಿದ್ದರು. ಅಪ್ಪ ರೊಕ್ಕ ಹಾಕಿಕೊಳ್ಳಲು ಕೈಚೀಲವನ್ನೂ ತಂದಿದ್ದ. ಗುಮಾಸ್ತರಿಗೆ ಎಲ್ಲ ಹೇಳಿದ.

"ವಾಪಸ್ ಕೇಳೂ ದಿನ ದಾಟ್ಯಾವ ಕಾಕಾ, ಫೀ ಬರಂಗಿಲ್ರಿ. ಟಿ.ಸಿ. ಒಯ್ದ್ರ ಸೀಟೂ ಹೋಗ್ತದ. ಒಂದು ವರ್ಷ ಬಿಡುವು ಬೇಕಂತ ಬರದು ಕೊಡ್ರಿ, ಸೀಟು ಉಳೀತದ. ಬರೋ ವರ್ಷ ಫೀ ಮತ್ತ ಕಟ್ಟಬೇಕು ನೋಡ್ರಿ."

"ಎರಡು ಸಲ ಕಟ್ಟೂದು ಯಾವ ನ್ಯಾಯರಿ?"

"ನ್ಯಾಯ ಅಲ್ರಿ ಕಾಕಾ, ಕಾಯ್ದೆ ಅದ."

ಅಪ್ಪ ಕೈಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡ. ಕೊನೆಗೆ ಬಿಡುವಿನ ಅರ್ಜಿಗೆ ಸಹಿ ಹಾಕಿದ.

ಡಿಗ್ರಿ ಮುಗಿದ ಮೇಲೆ ನಾನೊಬ್ಬಳೇ ಹೋಗಿ ಟಿ.ಸಿ. ಕೇಳಿದೆ. ಅವರು ತಲೆ ಎತ್ತದೆ ಪೆನ್ನಿಗೆ ಮುಚ್ಚಳ ಹಾಕಿದರು.

"ಟಿ.ಸಿ. ಎಲ್ಲೂ..."

"ಓದು ಮುಗಸೀನ್ರಿ," ಎಂದೆ.

ಅವರು ನನ್ನ ಮುಖ ನೋಡಿದರು. ಮುಚ್ಚಳ ತೆಗೆದರು. ಬರೆಯುವ ಮೊದಲು ಕೇಳಿದರು:

"ಅವ್ವ ಈಗ ನಡೀತಾಳೇನವ್ವಾ?"